ಪಾಂಗ್ ಮಹಾಶಯರ ನಾಲಿಗೆಯೂ ಫೂಜಿ ಗೆಡ್ಡೆಯೂ

ನಿವೃತ್ತಿ ಅಂದರೆ ವಿಶ್ರಾಂತಿ ಅಂತ ಹೇಳಿದ ಪುಣ್ಯಾತ್ಮ ಯಾರೋ, ಅವನು ಪಾಂಗ್ ಮಹಾಶಯರ ಮನೆಯಲ್ಲಿ ಒಂದು ದಿನ ಇದ್ದು ನೋಡಬೇಕಿತ್ತು. ಜಿಯಾಂಗ್‌ಯೂ ಪಟ್ಟಣದ ಬಸ್ ಡಿಪೋದಲ್ಲಿ ಅವರು ಮೇಲ್ವಿಚಾರಕರಾಗಿದ್ದಾಗ ಸೀಟಿ ಊದಿದರೆ ಬಸ್ಸುಗಳೇ ಹಿಂದೆ ಮುಂದೆ ಸರಿಯುತ್ತಿದ್ದವು. ಈಗ ಹೆಂಡತಿ ರೂಯಿಂಗ್ ಪೊರಕೆ ಎತ್ತಿದರೆ ಸಾಕು, ಅವರೇ ಸರಿಯಬೇಕು. ಸೋಫಾದಲ್ಲಿ ಕೂತರೆ "ಕಾಲೆತ್ತು", ಬಾಲ್ಕನಿಯಲ್ಲಿ ನಿಂತರೆ "ಬಟ್ಟೆಯ ಬಿಸಿಲಿಗೆ ಅಡ್ಡ". ಅಡುಗೆಮನೆಗೆ ಕಾಲಿಟ್ಟರಂತೂ ಮಾತೇ ಇಲ್ಲ, ಸೌಟೇ ಬಾಗಿಲು ತೋರಿಸುತ್ತಿತ್ತು. ಆ ಸೀಮೆಯಲ್ಲಿ ಹೆಂಡತಿಗೆ ಹೆದರುವವನನ್ನು 'ಮೆತ್ತನೆ ಕಿವಿಯವನು' ಅನ್ನುತ್ತಾರೆ. ಪಾಂಗ್ ಅವರ ಕಿವಿ ಬೆಣ್ಣೆ. (ತಮ್ಮನ್ನು 'ಶಾಂತಿಪ್ರಿಯ' ಅಂತ ಅವರು ಕರೆದುಕೊಳ್ಳುತ್ತಿದ್ದರು.) ಆದರೂ ಈ ಮನೆಯಲ್ಲಿ ತನ್ನದು ಅಂತ ಒಂದು ಹುದ್ದೆ ಬೇಕು, ಎಷ್ಟೇ ಸಣ್ಣದಾದರೂ ಸರಿ, ಅಂತ ಅವರ ಜೀವ ಒದ್ದಾಡುತ್ತಿತ್ತು.

ಅಷ್ಟರಲ್ಲಿ ಚಳಿಹಬ್ಬ ಬಂತು. ಅವತ್ತು ಆ ಊರಿನ ಮನೆಮನೆಯಲ್ಲೂ ಕುರಿಮಾಂಸದ ಜೊತೆ ಫೂಜಿ ಗೆಡ್ಡೆ ಬೇಯುತ್ತದೆ. ಮಂಡಿನೋವು ಓಡುತ್ತದೆ, ಕೈಕಾಲು ಬೆಚ್ಚಗಿರುತ್ತವೆ ಅಂತ ನಂಬಿಕೆ. ಸರಿಯಾಗಿ ಬೇಯದಿದ್ದರೆ ಮಾತ್ರ ಮಂಡಿನೋವಿನ ಜೊತೆ ಮನುಷ್ಯನೂ ಹೊರಟುಹೋಗುತ್ತಾನೆ. ಫೂಜಿ ಅಂದರೆ ವತ್ಸನಾಭಿಯ ಖಾಸಾ ದಾಯಾದಿ.

"ಈ ಸಲದ ಗಡಿಗೆ ನಂದು!" ಹಬ್ಬದ ಮುನ್ನಾದಿನ ಪಾಂಗ್ ಘೋಷಿಸಿದರು.

"ನಿಂದಾ? ಮೊನ್ನೆ ಮೊಟ್ಟೆ ಬೇಯಿಸೋಕೆ ಹೋಗಿ ನೀರು ಹಾಕೋದೇ ಮರೆತೆಯಲ್ಲ ಲಾವ್ ಪಾಂಗ್!" (ವಯಸ್ಸಾದವರನ್ನು ಸಲಿಗೆಯಿಂದ ಕರೆಯುವಾಗ ಅಲ್ಲಿ ಹೆಸರಿನ ಹಿಂದೆ 'ಲಾವ್' ಸೇರಿಸುತ್ತಾರೆ.)

"ಅದು ಪ್ರಯೋಗ."

"ನಾಳೆ ಅಮ್ಮ ಊಟಕ್ಕೆ ಬರ್ತಾಳೆ. ಅವಳ ಮೇಲೂ ಪ್ರಯೋಗ ಮಾಡ್ತೀಯಾ?"

"ಒಂದೇ ಒಂದು ಅವಕಾಶ ಕೊಡು ರೂಯಿಂಗ್. ಕೆಟ್ಟರೆ ಜನ್ಮದಲ್ಲಿ ಅಡುಗೆಮನೆ ಕಡೆ ತಲೆ ಹಾಕಲ್ಲ."

ಈ ಕೊನೆಯ ಮಾತು ರೂಯಿಂಗ್‌ಗೆ ಬಹಳ ಹಿಡಿಸಿತು. ಮೇಲಾಗಿ ಬೆಳಿಗ್ಗೆ ಮಾಜಾಂಗ್ ಆಟಕ್ಕೆ ಗೆಳತಿಯರು ಕರೆದಿದ್ದರು. ಮಾರನೆಯ ದಿನ ನಸುಕಿನಲ್ಲೇ ಗಡಿಗೆ ಒಲೆಗೇರಿಸಿಕೊಟ್ಟು ಬೆರಳೆತ್ತಿ ಪಾಠ ಹೇಳಿದಳು. "ಕುದಿ ನಿಲ್ಲಬಾರದು. ನಡುವೆ ತಣ್ಣೀರು ಸುರೀಬಾರದು. ಬಡಿಸೋ ಮೊದಲು ಚೂರೇ ಚೂರು ಗೆಡ್ಡೆ ಬಾಯಿಗೆ ಹಾಕ್ಕೊಂಡು ಕಾದು ನೋಡು. ನಾಲಿಗೆ ಜೋಮು ಹಿಡೀತೋ, ವಿಷ ಇನ್ನೂ ಇದೆ ಅಂತ. ಮತ್ತೆ ಬೇಯಿಸು. ತಿಳೀತಾ?"

"ಬಸ್ಸು ಓಡಿಸಿದೋನಿಗೆ ಗಡಿಗೆ ಯಾವ ಲೆಕ್ಕ!" ಅಂದರು ಪಾಂಗ್. (ಬಸ್ಸು ಓಡಿಸಿದವರು ಬೇರೆ, ಇವರು ಸೀಟಿ ಊದಿದವರು. ಇರಲಿ.)

ಗಡಿಗೆಯ ಮುಂದೆ ಕುರ್ಚಿ ಹಾಕಿ ಕೂತರು. ಕುದಿಯುವ ಗಡಿಗೆಯನ್ನು ಎಷ್ಟು ಹೊತ್ತು ನೋಡುವುದು? ಬೇಜಾರು ಕಳೆಯಲು ಒಂದು ಪೊಟ್ಟಣ ಬಿಚ್ಚಿದರು. ಒಳಗೆ ಒಣಮೆಣಸು, ಜುಮ್ಮನಕಾಯಿ ಹಚ್ಚಿ ಹುರಿದ ಕಡಲೆಕಾಯಿ ಬೀಜ. ಆ ಸೀಮೆಯವರಿಗೆ ಜುಮ್ಮನಕಾಯಿ ಬಿದ್ದು ತುಟಿ ಮರಗಟ್ಟದಿದ್ದರೆ ತಿಂದ ಹಾಗೇ ಅನ್ನಿಸುವುದಿಲ್ಲ. ಉಸಿರಾಡುವಷ್ಟೇ ಸಲೀಸಾಗಿ ಪಾಂಗ್ ಮೆಲ್ಲತೊಡಗಿದರು.

ಊಟದ ಹೊತ್ತಾಯಿತು. ಚೂರು ಗೆಡ್ಡೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅಯ್ಯಯ್ಯೋ, ನಾಲಿಗೆ ಜೋಮು! ಉರಿ ಹೆಚ್ಚಿಸಿದರು. ಆತಂಕಕ್ಕೆ ಇನ್ನೊಂದು ಹಿಡಿ ಕಡಲೆಕಾಯಿ ಬೀಜ ಮುಕ್ಕಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ರುಚಿ ನೋಡಿದರು. ಈಗ ತುಟಿಯೂ ಜೋಮು! ಬೇಯಿಸಿದಷ್ಟೂ ವಿಷ ಏರುವ ಇಂಥ ಗೆಡ್ಡೆಯನ್ನು ಭೂಮಂಡಲದಲ್ಲಿ ಯಾರೂ ಕಂಡಿರಲಿಕ್ಕಿಲ್ಲ ಅಂದುಕೊಂಡು ಬೆವರಿದರು. ಬೆವರಿದ್ದಕ್ಕೆ ಇನ್ನೊಂದು ಹಿಡಿ.

ಮಾಜಾಂಗ್ ಮುಗಿಸಿ ರೂಯಿಂಗ್ ಬಂದಳು. ಹಿಂದೆಯೇ ಊರುಗೋಲು ಕುಟ್ಟುತ್ತಾ ಅತ್ತೆ. ಅತ್ತೆಗೆ ಹಲ್ಲು ಎಲ್ಲ ಹೋಗಿದ್ದರೂ ಮಾತಿನ ಮೊನಚು ಮಾತ್ರ ಹೋಗಿರಲಿಲ್ಲ.

"ಎಲ್ಲಿ ಅಳಿಯ, ಹೊಟ್ಟೆ ತಾಳ ಹಾಕ್ತಿದೆ. ಬಡಿಸು."

"ಇನ್ನೂ ಸ್ವಲ್ಪ ಅಮ್ಮಾ."

ಅತ್ತೆ ಗೋಡೆ ಗಡಿಯಾರ ನೋಡಿದರು, ಅಳಿಯನನ್ನು ನೋಡಿದರು. "ಕುರಿ ಬೇಯಿಸ್ತಿದೀಯೋ, ಸಾಕ್ತಿದೀಯೋ?"

ರೂಯಿಂಗ್ ಸೌಟಿಗೆ ಕೈ ಹಾಕಿದಳು. ಪಾಂಗ್ ಗಡಿಗೆಗೆ ಅಡ್ಡ ನಿಂತರು. "ಮುಟ್ಟಬೇಡ! ನನ್ನ ಹೆಣ ದಾಟಿಕೊಂಡು ಬಡಿಸು!" ಅಂದವರಿಗೆ, ಆ ಹೆಣ ತಯಾರಾಗುತ್ತಿದೆಯೇನೋ ಅನ್ನುವ ಅನುಮಾನ ಆಗಲೇ ಹುಟ್ಟಿತು. ಎದೆ ಡವಡವ ಅಂತು. ಸೋಫಾದ ಮೇಲೆ ದೊಪ್ಪನೆ ಕುಸಿದರು.

"ರೂಯಿಂಗ್... ತುಟಿ ಇದೆಯಾ ನೋಡು, ನನಗೆ ಗೊತ್ತಾಗ್ತಾ ಇಲ್ಲ. ನನ್ನ ಗಾಳದ ಕೋಲು ನಿನ್ನ ತಮ್ಮನಿಗೆ ಕೊಡು. ಇನ್ಮೇಲೆ ಸೋಫಾ ಪೂರ್ತಿ ನಿಂದೇ."

ರೂಯಿಂಗ್ ಹೌಹಾರಿದಳು. "ಸೋಫಾ ಯಾರಿಗೆ ಬೇಕೋ ಪೆದ್ದ! ನೀನು ಹೋದ್ರೆ ನಾನು ಯಾರಿಗೆ ಕಾಲೆತ್ತು ಅನ್ನಲಿ?" ಅಂತ ಗಳಗಳ ಅತ್ತುಬಿಟ್ಟಳು. ಸಾಯುವ ಗಡಿಬಿಡಿಯಲ್ಲೂ ಪಾಂಗ್‌ಗೆ ಪರಮಾನಂದವಾಯಿತು. ಅತ್ತೆಯನ್ನು ಮನೆಯಲ್ಲೇ ಬಿಟ್ಟು, ಟ್ಯಾಕ್ಸಿ ಹಿಡಿದು ಇಬ್ಬರೂ ಆಸ್ಪತ್ರೆಗೆ ಧಾವಿಸಿದರು.

ಫೂಜಿ ಅಂದದ್ದೇ ತಡ, ವೈದ್ಯೆ ಓಡಿ ಬಂದು ಎದೆಗೆ ತಂತಿ ಅಂಟಿಸಿದಳು, ನಾಡಿ ನೋಡಿದಳು, ಬಹಳ ಹೊತ್ತು ಪಕ್ಕದಲ್ಲೇ ಕೂತು ಕಾದಳು. ಆಮೇಲೆ "ಬಾಯಿ ತೆಗೀರಿ" ಅಂದಳು. ತೆಗೆದರು. ವೈದ್ಯೆ ಮೂಗರಳಿಸಿದಳು.

"ಅಂಕಲ್, ಇವತ್ತು ಇನ್ನೇನು ತಿಂದ್ರಿ?"

"ಏನೂ ಇಲ್ಲ ತಾಯಿ. ಬರೀ ಕಡಲೆಕಾಯಿ ಬೀಜ."

"ಹಲ್ಲಿನ ಸಂದಿ ತುಂಬ ಜುಮ್ಮನಕಾಯಿ ಸಿಪ್ಪೆ ಇದೆ. ನಾಲಿಗೆ ಜೋಮು ಹಿಡೀದೆ ಇನ್ನೇನಾಗುತ್ತೆ? ಹೃದಯ ಚೆನ್ನಾಗಿದೆ. ಬಂದಿದ್ದು ಮಾತ್ರ ಒಳ್ಳೇದೇ ಆಯ್ತು. ಈ ಗೆಡ್ಡೆ ವಿಷಯದಲ್ಲಿ ಅನುಮಾನ ಬಂದ್ರೆ ಮನೇಲಿ ಕೂತು ಕಾಯಬಾರದು."

ರೂಯಿಂಗ್‌ಳ ಕಣ್ಣೀರು ಗಕ್ಕನೆ ನಿಂತಿತು. ಮನೆ ಮುಟ್ಟುವವರೆಗೂ ಅವಳು ಆಸ್ಪತ್ರೆಯ ಬಿಲ್ಲನ್ನೇ ಬಿಚ್ಚಿ ಮಡಚಿ ಮತ್ತೆ ಬಿಚ್ಚಿ ಓದಿದಳು. ಪಾಂಗ್‌ಗೆ ಅದು ವಿಷಕ್ಕಿಂತ ಭಯಂಕರವಾಗಿತ್ತು.

ಬಾಗಿಲು ತೆಗೆದರೆ ಅತ್ತೆ ಬಟ್ಟಲು ನೆಕ್ಕುತ್ತಾ ಕೂತಿದ್ದರು. ರೂಯಿಂಗ್ ಕಿರುಚಿದಳು. "ಅಮ್ಮಾ!"

"ಯಾಕೆ ಕೂಗ್ತೀಯ? ಕುರ್ಚಿ ಹತ್ರ ಜುಮ್ಮನಕಾಯಿ ಪೊಟ್ಟಣ ಕಂಡಾಗಲೇ ಅಳಿಯನ ಜೋಮು ಎಲ್ಲಿಂದ ಬಂತು ಅಂತ ಗೊತ್ತಾಯ್ತು. ಬಾಯಿ ತೊಳ್ಕೊಂಡು ಚೂರು ತಿಂದು ಎಷ್ಟೋ ಹೊತ್ತು ಕಾದೆ. ಏನೂ ಆಗ್ಲಿಲ್ಲ. ಆಮೇಲೆ ಉಂಡೆ. ಮಾಂಸ ಬೆಣ್ಣೆ ಹಾಗಿದೆ ಕಣೇ! ನಿಂದು ಯಾವತ್ತೂ ಅಗಿಯೋಕೇ ಆಗ್ತಿರಲಿಲ್ಲ. ಇಷ್ಟೊಂದು ಹೆದರೋ ಗಂಡಸೇ ಬೇಕು ಈ ಗೆಡ್ಡೆಗೆ. ಇನ್ಮೇಲೆ ಪ್ರತಿ ವರ್ಷ ಈ ಕೆಲಸ ಅಳಿಯಂದೇ."

ಪಾಂಗ್‌ಗೆ ಸ್ವರ್ಗ ಮೂರೇ ಗೇಣು. ಎದೆಯುಬ್ಬಿಸಿ ಸೌಟಿಗೆ ಕೈ ಚಾಚಿದರು.

ಅತ್ತೆ ಕೈಮೇಲೆ ಪಟ್ಟನೆ ಹೊಡೆದರು. "ಸೌಟು ಅವಳದ್ದು. ನಿಂದು ನಾಲಿಗೆ. ರುಚಿ ನೋಡೋ ಕೆಲಸ. ನಾಲಿಗೆ ಶುದ್ಧ ಇರಬೇಕಲ್ಲ, ಚಳಿ ಮುಗಿಯೋವರೆಗೂ ಮೆಣಸು ಇಲ್ಲ, ಜುಮ್ಮನಕಾಯಿ ಇಲ್ಲ, ಉಪ್ಪಿನಕಾಯಿ ಇಲ್ಲ. ಬಿಳೀ ಗಂಜಿ."

"ಚಳಿ ಮುಗಿಯೋವರೆಗೂ? ಹಬ್ಬ ಇವತ್ತೇ ಮುಗೀತಲ್ಲ ಅಮ್ಮಾ!"

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಕೆಳಗಿನ ಮನೆಯ ಲಿಯಾವ್ ಅಕ್ಕ. ಅವಳ ಹಿಂದೆ ಮೆಟ್ಟಿಲುದ್ದಕ್ಕೂ ಇನ್ನೂ ನಾಲ್ಕಾರು ಹೆಂಗಸರು.

"ನೀವು ಆಸ್ಪತ್ರೆಗೆ ಹೋಗಿದ್ದಾಗ ಅಜ್ಜಿ ಎಲ್ಲಾ ಹೇಳಿದ್ರು. ಈ ಭಾನುವಾರ ನಮ್ಮನೇಲಿ ಫೂಜಿ ಇಡ್ತಿದೀನಿ ರೂಯಿಂಗ್. ಲಾವ್ ಪಾಂಗ್‌ನ ಒಂಚೂರು ಕಳಿಸ್ತೀಯಾ?"

"ಧಾರಾಳವಾಗಿ ಕರ್ಕೊಂಡು ಹೋಗಕ್ಕಾ," ಅಂದಳು ರೂಯಿಂಗ್, ಇಡೀ ದಿನದಲ್ಲಿ ಮೊದಲ ಸಲ ನಗುತ್ತಾ. "ಬೆಳಿಗ್ಗೆಯಿಂದಲೇ ಇಟ್ಕೋ. ಗಂಜಿ ಡಬ್ಬಿ ಕಟ್ಟಿ ಕಳಿಸ್ತೀನಿ."