ಮೀಸಲು ಸೀಸೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಹೆಬ್ಬೆರಳಿನಷ್ಟೂ ಇಲ್ಲದ ಒಂದು ಗಾಜಿನ ಸೀಸೆ. ಅದು ಜಗದೀಶನಿಗೆ ಗೊತ್ತಾಗುವಾಗ ಸಂಜೆಯಾಗಿತ್ತು.

ಮಾನಂದವಾಡಿಯ ಒಂದು ಪರೀಕ್ಷಾಲಯದಲ್ಲಿ ಅವನದು ಹಂಗಾಮಿ ಕೆಲಸ. ಸೀಸೆಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟು, ಅದೇ ಸಾಲಿನಲ್ಲಿ ಹೆಸರುಗಳನ್ನು ಕಂಪ್ಯೂಟರಿಗೆ ತುಂಬಿದರೆ ಮುಗಿಯಿತು. ಕಂಪ್ಯೂಟರೇ ಸೂಜಿಯಿಂದ ಹನಿ ಹೀರಿಸಿ, ಉಕ್ಕಿನ ಕೊಳವೆಯಲ್ಲಿ ಓಡಿಸಿ, ಬೆರೆತದ್ದನ್ನೆಲ್ಲ ಬೇರೆ ಮಾಡಿ, ಒಂದೊಂದಕ್ಕೂ ಪರದೆಯ ಮೇಲೆ ಗುಡ್ಡದಂಥ ಒಂದು ಗೆರೆ ಬರೆದು ತೋರಿಸುತ್ತದೆ. ಈ ದಿನ ವರದಿ ತಪ್ಪಿಲ್ಲದೆ ಬಂದರೆ ಕೆಲಸ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕುತ್ತೇನೆಂದು ಮೇಲಧಿಕಾರಿ ಕರುಣಾಕರನ್ ಹೇಳಿದ್ದರು. ಸಾಲಿನಲ್ಲಿ ಮೊದಲು ಅವರದೇ ತೋಟದ ಜೇನು, ಆಮೇಲೆ ಕಾಫಿ, ಕೊನೆಗೆ ಮೆಣಸು.

ಮೊದಲ ವರದಿ ಬಂತು: ಜೇನು ಅಪ್ಪಟ. ಕರುಣಾಕರನ್ ಅದರ ಫೋಟೋ ತೆಗೆದು ನೆಂಟರಿಷ್ಟರಿಗೆಲ್ಲ ಕಳಿಸಿದರು.

ಎರಡನೆಯದನ್ನು ಜಗದೀಶ ಎರಡು ಸಲ ಓದಿದ. ಕಾಫಿಯಲ್ಲಿ ಕಾಫಿಯೇ ಇಲ್ಲ, ಬರೀ ಸಕ್ಕರೆ ಪಾಕ.

"ಪೆರುಂಕಳ್ಳನ್, ಮಹಾ ಕಳ್ಳ ಈ ಕಾಫಿಯವನು," ಎಂದರು ಕರುಣಾಕರನ್. "ಸಕ್ಕರೆ ಪಾಕ ಮಾರೋರನ್ನ ಪೇಟೆ ಮಧ್ಯೆ ನಿಲ್ಲಿಸಿ ಮರ್ಯಾದೆ ತೆಗೀಬೇಕು."

ಮೂರನೆಯದು ಇನ್ನೂ ಘನವಾಗಿತ್ತು. ಮೆಣಸಿನ ಹೆಸರಿನಡಿ ಕಾಫಿಯ ಗುಡ್ಡ ಎದ್ದು ಕೂತಿತ್ತು.

ಪಕ್ಕದ ಮೇಜಿನ ಶೈಲಜ ಯಂತ್ರವನ್ನು ಆರಿಸಿ ಹಚ್ಚಲು ಹೇಳಿದಳು. ಆರಿಸಿದ. ಕೊಳವೆ ಮತ್ತೆ ಹದಕ್ಕೆ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತು, ಬಂದದ್ದು ಅದೇ ಗುಡ್ಡ. ಟೀ ಕುಡಿದ ಕೈಯಲ್ಲಿ ಸೀಸೆ ಮುಟ್ಟಿದ್ದಾನೆಂದು ಕರುಣಾಕರನ್ ಬೈದರು. ಕೈ ತೊಳೆದ, ಮತ್ತೆ ಅದೇ. ಮದುವೆ ಮನೆಯಲ್ಲಿ ಚಪ್ಪಲಿ ಕಳಕೊಂಡವನಂತೆ ಯಂತ್ರದ ಸುತ್ತ ಸುತ್ತಿದ. ಕೊನೆಗೆ ಬುದ್ಧಿ ಬಂದು ತಟ್ಟೆಯನ್ನೇ ಹೊರಗೆಳೆದ. ಇಟ್ಟದ್ದು ಮೂರು ಸೀಸೆ, ಇದ್ದದ್ದು ನಾಲ್ಕು.

"ಮಾದವ್ವಾ, ಇದ್ಯಾರು ಇಟ್ಟಿದ್ದು?"

ಕಸ ಗುಡಿಸುತ್ತಿದ್ದ ಮಾದಮ್ಮ ಪೊರಕೆ ನಿಲ್ಲಿಸಲಿಲ್ಲ. "ನಾನೇ ಕಣ್ ಮಗ. ನಿನ್ ಕೆಲ್ಸ ಕಾಯಂ ಆಗೋ ದಿನ ಅಂತ ದ್ಯಾವ್ರಿಗೆ ಮೀಸ್ಲು ಮಡಗ್ದೆ. ನಮ್ ಹಟ್ಟಿ ಬೈರ ಮುತ್ತಂಗ ಕಾಡಿಂದ ತಂದ್ನಲ್ಲ, ಆ ಜೇನು. ಅದ್ನ ಮೊದಲ್ನೇ ಗುಳೀಲಿ ಇಟ್ಟು, ಮಿಕ್ಕಿದ್ನ ಒಂದೊಂದ್ ಗುಳಿ ಆಚೆಗ್ ಸರಿಸ್ದೆ. ದ್ಯಾವ್ರಿಗ್ ಇಕ್ದೆ ಮಂದಿಗ್ ಇಕ್ತಾರಾ?"

ಜಗದೀಶನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆದರೆ ಯಂತ್ರ ಸರಿಯಿತ್ತು, ತಾನೂ ಸರಿಯಿದ್ದ. ಪಟ್ಟಿಯ ನೆತ್ತಿಗೆ 'ದೇವರು' ಎಂದು ಸೇರಿಸಿ ಮತ್ತೆ ಓಡಿಸಿದ. ದೇವರು ಅಪ್ಪಟ ಎಂದಿತು ಕಂಪ್ಯೂಟರು. ಕಾಫಿ ಕಾಫಿಯೇ, ಮೆಣಸು ಮೆಣಸೇ. ದೇವರ ಕೆಳಗಿನ ಸಾಲು ಓದುವ ವ್ಯವಧಾನ ಯಾರಿಗಿದೆ? ಕಾಗದ ಹಿಡಿದು ಓಡಿದ.

"ಸಾರ್, ಎಲ್ಲ ಸರಿಹೋಯ್ತು. ಮೊದಲನೇದು ಮಾದವ್ವ ಇಟ್ಟ ಜೇನು. ಕಾಫಿಯವನು ಕಳ್ಳ ಅಲ್ಲ."

ಸಹಿಗೆಂದು ಪೆನ್ನು ತೆರೆದಿದ್ದ ಕರುಣಾಕರನ್ ಕೇಳಿದರು: "ಹಾಗಾದ್ರೆ ಸಕ್ಕರೆ ಪಾಕ ಯಾರದ್ದಡೋ?"

ಜಗದೀಶನ ಬೆರಳು ಸಾಲು ಹುಡುಕಿ ಹೋಗಿ ಎರಡನೆಯದರಲ್ಲಿ, ಸಾರ್ ತೋಟದ ಜೇನಿನ ಮೇಲೆ ನಿಂತಿತು. ಮೇಜಿನ ಮೇಲೆ ಫೋನು ನೆಂಟರ ಅಭಿನಂದನೆಗಳಿಂದ ಟಿಣ್ ಟಿಣ್ ಎನ್ನುತ್ತಲೇ ಇತ್ತು. ಕರುಣಾಕರನ್ ಎದ್ದು ಬಾಗಿಲು ಹಾಕಿ, ಪೆನ್ನನ್ನು ಜೇಬಿಗೆ ಸೇರಿಸಿದರು.

"ದೇವರ ಕೆಲಸದಲ್ಲಿ ನಾವು ಕೈ ಹಾಕಬಾರದು. ಮಾದಮ್ಮ ಇಟ್ಟದ್ದು ಹಾಗೇ ಇರಲಿ, ನನ್ನ ಜೇನಿನ ಮೊದಲಿನ ವರದಿಯೂ ಹಾಗೇ ಇರಲಿ."

ಮರುದಿನ ತಟ್ಟೆ ಜೋಡಿಸುವ ಕೆಲಸ ಮಾದಮ್ಮನಿಗೆ ಕಾಯಂ ಆಯಿತು. ಪೊರಕೆ ಜಗದೀಶನ ಕೈಗೆ ಬಂತು, ಅದೂ ಹಂಗಾಮಿಯಾಗಿ.