ಒಬೆಲೆ ಮೇಡಂ ಬಾವಿಯ ಎಣ್ಣೆ

ಬೆಳಿಗ್ಗೆ ಆಗಷ್ಟೇ ಸೇದಿದ ನೀರಲ್ಲಿ ಮನೆಯೊಡತಿ ಒಬೆಲೆ ಮೇಡಂ ಬಾಯಿ ಮುಕ್ಕಳಿಸಿದರು. ಮರುಕ್ಷಣವೇ ಇಡೀ ವಠಾರಕ್ಕೆ ಕೇಳುವಂತೆ ಉಗಿದರು. ಬಕೆಟ್ಟಿನ ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು.

"ಯಾವನೋ ನನ್ನ ಬಾವಿಗೆ ಎಣ್ಣೆ ಸುರಿದಿದ್ದಾನೆ! ಯಾರಾದರೂ ಸರಿ, ಸಂಜೆಯೊಳಗೆ ಗಂಟುಮೂಟೆ ಕಟ್ಟಬೇಕು!"

ಎಣ್ಣೆ ಕಂಪನಿಗಳ ಊರಾದ ಪೋರ್ಟ್ ಹಾರ್ಕೋರ್ಟಿನ ಆ ವಠಾರದಲ್ಲಿ ಅನುಮಾನಕ್ಕೇನು ಬರ? ಕ್ಷೌರದಂಗಡಿಯ ಕೆಲೆಚಿಗೆ ಪೆಟ್ರೋಲ್ ಜನರೇಟರ್ ಇತ್ತು. ಪಕ್ಕದ ಎನ್ಕೋಯೋ ಸೀಮೆಎಣ್ಣೆ ಮಾರುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಬೆರಳು ತೋರಿಸಿ, ಆಮೇಲೆ ಒಟ್ಟಿಗೇ ಡಗೋಗೋ ಕಡೆ ತಿರುಗಿದರು. ಎಣ್ಣೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿಯುವ ಆ ಸಾಧುಪ್ರಾಣಿ ಹಲ್ಲುಜ್ಜುತ್ತಾ ನಿಂತಿದ್ದ.

"ಇವನ ಅಂಗಿ ದಿನಾ ಡೀಸೆಲ್ ನಾರುತ್ತೆ ಮೇಡಂ," ಎಂದಳು ಎನ್ಕೋಯೋ.

ಡಗೋಗೋ ಗಾಬರಿಗೆ ನೊರೆ ನುಂಗಿಬಿಟ್ಟ. "ಅಯ್ಯೋ ಅಕ್ಕಾ! ನಮ್ಮಲ್ಲೊಂದು ಯಂತ್ರ ಇದೆ. ಎಣ್ಣೇನ ಆವಿ ಮಾಡಿ ಉದ್ದ ಕೊಳವೆಯೊಳಗೆ ಓಡಿಸುತ್ತೆ. ಹಗುರದ್ದು ಮೊದಲು ಬರುತ್ತೆ, ಭಾರದ್ದು ಕೊನೆಗೆ. ಒಂದೊಂದು ಎಣ್ಣೆಗೂ ಬೆರಳಚ್ಚಿನ ಹಾಗೆ ಬೇರೆ ಬೇರೆ ಗೆರೆ. ಯಾವುದು ಅಂತ ಗೊತ್ತಾಗಿಬಿಡುತ್ತೆ."

ಹೇಳಿ ಕೆಟ್ಟ. ಬಾವಿನೀರು, ಪೆಟ್ರೋಲು, ಸೀಮೆಎಣ್ಣೆ ಎಲ್ಲವೂ ಬಾಟಲಿಗಿಳಿದವು. "ದಾರೀಲಿ ಬಾಟಲಿ ಬದಲಾಯಿಸಿದರೆ?" ಎಂದು ಕೆಲೆಚಿ ಜೊತೆಗೆ ಹೊರಟ. "ಇವರಿಬ್ಬರೂ ಒಂದಾದರೆ?" ಎಂದು ಎನ್ಕೋಯೋ ಹೊರಟಳು. ಮೂವರನ್ನೂ ನಂಬದ ಮೇಡಂ ತಲೆವಸ್ತ್ರ ಬಿಗಿದು ಎಲ್ಲರಿಗಿಂತ ಮುಂದೆ ನಡೆದರು.

ಬಸ್ಸಿನಲ್ಲಿ ವಾಸನೆ ಹಬ್ಬಿತು. "ನನ್ನ ಬಸ್ಸು ಸುಡೋಕೆ ಬಂದಿದ್ದೀರಾ? ಇಳೀರಿ!" ಎಂದು ಕಂಡಕ್ಟರ್ ನಡುದಾರಿಯಲ್ಲೇ ಇಳಿಸಿದ. ಬಿಸಿಲಲ್ಲಿ ನಡೆಯುವಾಗ ಕೆಲೆಚಿ ಡಗೋಗೋನ ಒಂದು ಕಿವಿಯಲ್ಲಿ ಉಸುರಿದ: "ತಮ್ಮಾ, ವರ್ಷವಿಡೀ ಬಿಟ್ಟಿ ಕ್ಷೌರ ಮಾಡ್ತೀನಿ." ಇನ್ನೊಂದು ಕಿವಿಯಲ್ಲಿ ಎನ್ಕೋಯೋ ಕರಿದ ಬಾಳೆಹಣ್ಣಿನ ಆಸೆ ತೋರಿಸಿದಳು. ಅವನು ಪಾಪ, ದಾಕ್ಷಿಣ್ಯಕ್ಕೆ ಇಬ್ಬರಿಗೂ ತಲೆಯಾಡಿಸಿದ. ಅದನ್ನು ಮೇಡಂ ನೋಡಿದರು.

ಪ್ರಯೋಗಾಲಯದಲ್ಲಿ ಯಂತ್ರ ಪರದೆಯ ಮೇಲೆ ನಿಧಾನಕ್ಕೆ ಗೆರೆ ಎಳೆಯತೊಡಗಿತು.

"ಯಾಕಿಷ್ಟು ಹೊತ್ತು?" ಮೇಡಂ ಹುಬ್ಬು ಗಂಟಿಕ್ಕಿದರು. "ಯಾರು ಜಾಸ್ತಿ ಕೊಡ್ತಾರೆ ಅಂತ ಕಾಯ್ತಿದೆಯಾ?"

ಪೆಟ್ರೋಲಿನ ಗೆರೆಗಳು ಶಾಲೆ ಬಿಟ್ಟ ಮಕ್ಕಳಂತೆ ಬಾಗಿಲಲ್ಲೇ ಗುಂಪುಗೂಡಿದವು. ಸೀಮೆಎಣ್ಣೆಯದು ನಡುವೆ ಸಣ್ಣ ಗುಡ್ಡ. ಬಾವಿಯದು ಮಾತ್ರ ಈ ತುದಿಯಿಂದ ಆ ತುದಿಯವರೆಗೆ, ಮುಂದಿನ ಹಲ್ಲು ಮುರಿದ ಹಳೇ ಬಾಚಣಿಗೆಯಂತೆ.

"ಇದು ಯಾರದ್ದೂ ಅಲ್ಲ!" ಡಗೋಗೋ ಕುಣಿದಾಡಿದ. "ಕಚ್ಚಾ ಎಣ್ಣೆ! ಹಗುರದ್ದೆಲ್ಲ ಆರಿಹೋಗಿದೆ. ಎಲ್ಲೋ ಕಂಪನಿಯ ಪೈಪು ಒಡೆದು ನೆಲದೊಳಗೇ ಹರಿದು ಬಂದಿದೆ. ಆ ನೀರು ಯಾರೂ ಕುಡೀಬೇಡಿ."

ಕೆಲೆಚಿ, ಎನ್ಕೋಯೋ ಹಗೆತನ ಮರೆತು ತಬ್ಬಿಕೊಂಡರು. ಮೇಡಂ ಮಾತ್ರ ಅಲ್ಲಾಡಲಿಲ್ಲ.

"ಕಚ್ಚಾ ಎಣ್ಣೆ... ನನ್ನ ನೆಲದಲ್ಲಿ?"

"ನಿಮ್ಮ ನೆಲದ್ದಲ್ಲ ಮೇಡಂ, ಬೇರೆ ಕಡೆಯಿಂದ..."

"ಮುಚ್ಚು ಬಾಯಿ! ನನ್ನ ಜಾಗಾನ ಕಂಪನಿಗೆ ಅಗ್ಗಕ್ಕೆ ಕೊಡಿಸೋ ಉಪಾಯ ತಾನೆ?"

ಸಂಜೆಯ ಹೊತ್ತಿಗೆ ಬಾವಿಗೆ ಬೇಲಿ ಬಿತ್ತು, ಬೇಲಿಗೆ ಬೀಗ ಬಿತ್ತು. "ಇಲ್ಲಿ ಎಣ್ಣೆ ತೆಗೀತಾರೆ. ಎಲ್ಲರೂ ಮನೆ ಖಾಲಿ ಮಾಡಿ!" ಎಂದರು ಮೇಡಂ.

ಕೈಗಾಡಿಗೆ ಕ್ಷೌರದ ಕುರ್ಚಿ ಏರಿಸುತ್ತಾ ಕೆಲೆಚಿ ಡಗೋಗೋನನ್ನು ದುರುಗುಟ್ಟಿದ. "ಸೀಮೆಎಣ್ಣೆ ಅಂದಿದ್ದರೆ ಅವಳೊಬ್ಬಳೇ ಹೋಗ್ತಿದ್ದಳು."

"ಪೆಟ್ರೋಲು ಅಂದಿದ್ದರೆ ಇವನೊಬ್ಬನೇ ಹೋಗ್ತಿದ್ದ," ಎಂದಳು ಎನ್ಕೋಯೋ. ಹಾಸಿಗೆ ಸುತ್ತುತ್ತಿದ್ದ ಡಗೋಗೋನ ಹತ್ತಿರ ಬಗ್ಗಿ ದನಿ ತಗ್ಗಿಸಿದಳು. "ನಿಜ ಹೇಳು. ಕಂಪನಿಯವರು ನಿನಗೆಷ್ಟು ಕೊಟ್ಟರು?"