ಒಂದೂ ಹಲ್ಲು ಉದುರದ ಮೀನಿಗೆ, ಹಲ್ಲು ಕಟ್ಟುವವಳಿಂದ

ಮಾನ್ಯ ಹೆಲಿಕೋಪ್ರಿಯನ್ ಮಹಾಶಯರೇ,

ಶಾರ್ಕಿನ ದೂರದ ನೆಂಟರೂ, ಕೋಟ್ಯಂತರ ವರ್ಷಗಳ ಹಿಂದೆಯೇ ಸಮುದ್ರ ಖಾಲಿ ಮಾಡಿ ಕಲ್ಲಿನೊಳಗೆ ವಿಶ್ರಮಿಸುತ್ತಿರುವವರೂ ಆದ ತಮಗೆ, ಕೃತಕ ಹಲ್ಲು ಕಟ್ಟಿ ಹೊಟ್ಟೆ ಹೊರೆಯುವ ಈ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು. ಕ್ಷೇಮವೇ ಎಂದರೆ ಅಣಕಿಸಿದಂತಾದೀತೆಂದು ಕೇಳುತ್ತಿಲ್ಲ.

ಬಂದ ಹಲ್ಲನ್ನು ಉದುರಿಸದೆ, ಹಳೆಯದನ್ನೆಲ್ಲ ಒಳಕ್ಕೆ ಸುರುಳಿ ಸುತ್ತುತ್ತ, ಕೆಳದವಡೆಯಲ್ಲೇ ಗರಗಸದ ಚಕ್ರ ಬೆಳೆಸಿದ ತಮ್ಮ ಜಿಪುಣತನಕ್ಕೆ ಕೈ ಮುಗಿಯುತ್ತೇನೆ. ಎಲ್ಲರೂ ತಮ್ಮಂತಿದ್ದರೆ ನನ್ನ ಅಂಗಡಿಗೆ ಬೀಗ ಬೀಳುತ್ತಿತ್ತು. ಆದರೆ ಮೆತ್ತನೆಯ ಎಲುಬನ್ನು ಕರಗಲು ಬಿಟ್ಟು ಹಲ್ಲಷ್ಟನ್ನೇ ಉಳಿಸಿ ಹೋದದ್ದು ಯಾವ ನ್ಯಾಯ ಸ್ವಾಮಿ? ಅದು ಎಲ್ಲಿಯದೆಂದು ತಿಳಿಯದ ಪಂಡಿತರು ಮೂಗಿಗೆ, ಬೆನ್ನಿಗೆ, ಬಾಲಕ್ಕೂ ಅಂಟಿಸಿ ನೋಡಿದರಂತೆ. ಅದು ಅವರ ಕರ್ಮ. ನನ್ನ ದೂರೇ ಬೇರೆ.

ಹಲ್ಲೆಲ್ಲ ಹೋದಂದಿನಿಂದ ನಮ್ಮತ್ತೆ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದರು, ನಮ್ಮೊಡನೆ ಕೂರದೆ ಅಡುಗೆಮನೆಯಲ್ಲಿ ಒಬ್ಬರೇ ಉಣ್ಣುತ್ತಿದ್ದರು. ಊರಿಗೆಲ್ಲ ಹಲ್ಲು ಕಟ್ಟುವ ಸೊಸೆಗೆ ಇದೆಂಥ ಸಂಕಟವೆಂದು ತಮಗೆ ಅರ್ಥವಾಗಲಾರದು. ಕಾಡಿ ಬೇಡಿ ಒಪ್ಪಿಸಿ, ಸೆಟ್ಟು ಸಿದ್ಧಮಾಡಿ ಮೇಜಿನ ಮೇಲಿಟ್ಟ ದಿನವೇ, ವಸ್ತುಸಂಗ್ರಹಾಲಯದವರು ಮಾಡಿಕೊಡಲು ಹೇಳಿದ್ದ ತಮ್ಮ ಹಲ್ಲುಸುರುಳಿಯ ಪ್ಲಾಸ್ಟರ್ ಪಡಿಯಚ್ಚೂ ಪಕ್ಕದಲ್ಲೇ ಒಣಗುತ್ತಿತ್ತು. ಅಂಗಡಿಗೆ ಬಂದ ಅತ್ತೆ ನೇರವಾಗಿ ತಮ್ಮ ಸುರುಳಿಯನ್ನೇ ಎತ್ತಿಕೊಂಡು, "ಅಯ್ಯಯ್ಯೋ, ಇದನ್ನ ನನ್ನ ಬಾಯಿಗೆ ತುರುಕ್ತೀಯೇನೇ? ನಾನೇನು ಮರ ಕೊಯ್ಯೋಕೆ ಹೋಗ್ಬೇಕಾ?" ಎಂದವರು, ಮನೆಗೆ ಹೋಗಿ ಅಡುಗೆಮನೆಯ ಬಾಗಿಲನ್ನೂ ಹಾಕಿಕೊಂಡರು.

ಆದ್ದರಿಂದ ತಾವು ದಯಮಾಡಿ ಕಲ್ಲಿನಿಂದೆದ್ದು, ಮೈ ಒರೆಸಿಕೊಂಡು, ಖುದ್ದಾಗಿ ಬಂದು, ಅತ್ತೆಯೆದುರು ಬಾಯಿ ತೆರೆದು, ಅದು ತಮ್ಮದೇ ಎಂದು ಒಪ್ಪಿಕೊಳ್ಳಬೇಕೆಂದು ವಿನಂತಿಸುವವಳಿದ್ದೆ. ತಾವು ಬರುವ ಪೈಕಿಯಲ್ಲವೆಂದು ಹೊಳೆದು, ಮೂಗಿನ ತುದಿಗೆ ಹಲ್ಲು ಸುತ್ತಿಕೊಂಡ ತಮ್ಮ ಹಳೆಯ ಚಿತ್ರವೊಂದನ್ನು ಬಾಗಿಲಡಿಯಿಂದ ತೂರಿಸಿದೆ. ಆಮೇಲೆ ಬಾಗಿಲು ತೆರೆಯಿತು. "ಪಾಪ, ಇದಕ್ಕೂ ನೀನೇ ಹಲ್ಲು ಕಟ್ಟಿದ್ಯಾ?" ಎಂದು ಅತ್ತೆ ಬಿದ್ದು ಬಿದ್ದು ನಗುತ್ತಿದ್ದರು, ಎರಡೂ ಕೈ ಹೊಟ್ಟೆಯ ಮೇಲೆ. ಆ ಬೊಚ್ಚುಬಾಯಿ ನಗುವುದನ್ನು ಮನೆಯವರು ಕಂಡದ್ದು ಅದೇ ಮೊದಲು. ನನಗಂತೂ ಕಣ್ಣು ತುಂಬಿ ಬಂತು.

ಆದರೂ ದೂರನ್ನು ಹಿಂತೆಗೆದುಕೊಂಡಿಲ್ಲ ಎಂಬುದು ಗಮನದಲ್ಲಿರಲಿ.

ಸೊಸೆಯಾಗಿ ಗೆದ್ದ, ಕಸುಬಿನಲ್ಲಿ ಸೋತ,
ತಮ್ಮ ವಿಶ್ವಾಸಿ,
ಹಲ್ಲು ಕಟ್ಟುವವಳು

ಮರೆತ ಮಾತು: ನಾನು ಕಟ್ಟಿದ ಸೆಟ್ಟು ಇನ್ನೂ ಡಬ್ಬಿಯಲ್ಲೇ ಇದೆ. ವಸ್ತುಸಂಗ್ರಹಾಲಯಕ್ಕೆ ಬೇರೊಂದು ಪಡಿಯಚ್ಚು ಮಾಡಿಕೊಡಲು ಅತ್ತೆಯ ಅಪ್ಪಣೆಯಾಗಿದೆ; ಮೊದಲಿನದು ಅವರ ಅಡುಗೆಮನೆ ಸೇರಿದೆ. ಸಮುದ್ರವನ್ನೇ ನಡುಗಿಸಿದ ತಮ್ಮ ಹಲ್ಲುಗಳ ಮೇಲೆ ಅವರೀಗ ಬಿಸಿ ಪಾತ್ರೆ ಇಟ್ಟು, ನಮ್ಮ ನಡುವೆ ಕೂತು, ಎಲ್ಲರಿಗೂ ಬಡಿಸುತ್ತಾರೆ.